ಹಾಲೊಡಕು ನೀರು ಚರಂಡಿ ಪಾಲಾಗದಿರಲಿ
ಕೈತಪ್ಪುವ ಪದಾರ್ಥವನ್ನು ಮರಳಿ ಪಡೆಯುವ ಯಂತ್ರ ಮತ್ತು ಸಂಶೋಧನೆ



ಕೋಳಿ ಕೂಗುವ ಹೊತ್ತಿಗೆ ಎದ್ದು, ಕೊಟ್ಟಿಗೆ ಬಾಚಿ, ಕೆಚ್ಚಲು ತೊಳೆದು, ಹಾಲು ಕರೆದು ಸಂಘದ ಮುಂದೆ ಸಾಲಿನಲ್ಲಿ ನಿಲ್ಲುವ ನಿಮಗೆ ಹಾಲಿನ ಒಂದೊಂದು ಹನಿಯ ಬೆಲೆಯೂ ಗೊತ್ತು. ಕ್ಯಾನಿಗೆ ಸುರಿಯುವಾಗ ನಾಲ್ಕು ಹನಿ ಚೆಲ್ಲಿದರೂ ಮನಸ್ಸಿಗೆ ಕಸಿವಿಸಿಯಾಗುತ್ತದೆ. ಆದರೆ ಅದೇ ಹಾಲು ಡೇರಿ ಸೇರಿದ ಮೇಲೆ ಅದರಲ್ಲಿ ಎಷ್ಟು ಭಾಗ ಮಾರಾಟದ ಪದಾರ್ಥವಾಗುತ್ತದೆ, ಎಷ್ಟು ಭಾಗ ನೀರಿನ ಜೊತೆ ಹರಿದುಹೋಗಬಹುದು ಎಂದು ನಾವು ಅಷ್ಟಾಗಿ ಯೋಚಿಸುವುದಿಲ್ಲ. ಹರಿದುಹೋಗುವ ಆ ಭಾಗಕ್ಕೂ ನಿಮಗೆ ಬಟವಾಡೆ ಕೊಟ್ಟೇ ಹಾಲು ಕೊಂಡಿರುತ್ತಾರೆ. ಆದ್ದರಿಂದ ಅದು ಹೋದರೆ ನಷ್ಟ ಒಕ್ಕೂಟಕ್ಕೆ. ಒಕ್ಕೂಟದ ನಷ್ಟ ಕೊನೆಗೆ ಬಂದು ನಿಲ್ಲುವುದು ನಿಮ್ಮ ಲೀಟರಿನ ದರದ ಮೇಲೆ.

ಹೀಗೆ ಕೈತಪ್ಪುವ ಪದಾರ್ಥವನ್ನು ಮರಳಿ ಪಡೆಯುವುದು ಹೇಗೆ? ಈ ಕೆಲಸದಲ್ಲಿ ಸಂಶೋಧನಾಲಯದ ಪಾಲೆಷ್ಟು, ಯಂತ್ರ ತಯಾರಿಸುವ ಕಂಪನಿಯ ಪಾಲೆಷ್ಟು, ಉತ್ಪಾದಕರಾದ ನಿಮ್ಮ ಪಾಲೆಷ್ಟು? ಇವನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಸಾವಿರ ಲೀಟರಿನ ಲೆಕ್ಕ

ಒಂದು ಉದಾಹರಣೆ ನೋಡೋಣ. ಸಾವಿರ ಲೀಟರ್ ಹಾಲನ್ನು ಕಾಯಿಸಿ, ಹುಳಿ ಹಾಕಿ ಒಡೆಸಿ ಪನೀರ್ ಮಾಡಿದೆವು ಎಂದುಕೊಳ್ಳಿ. ಹಾಲಿನ ಗುಣಮಟ್ಟಕ್ಕೆ ತಕ್ಕಂತೆ ಸುಮಾರು 150ರಿಂದ 180 ಕಿಲೋ ಪನೀರ್ ಸಿಗುತ್ತದೆ. ಉಳಿದ ಎಂಟುನೂರು ಲೀಟರಿಗೂ ಮಿಕ್ಕಿದ ಭಾಗ ತಿಳಿ ಹಸಿರು ಮಿಶ್ರಿತ ಹಳದಿ ಬಣ್ಣದ ನೀರಾಗಿ ಬೇರ್ಪಡುತ್ತದೆ. ಇದಕ್ಕೆ ಹಾಲೊಡಕು ನೀರು ಎನ್ನುತ್ತೇವೆ. ಚೀಸ್ ಮಾಡಿದಾಗಲೂ ಹೀಗೆಯೇ.

ನೋಡಲು ಅದು ನೀರು. ಆದರೆ ನೂರು ಲೀಟರ್ ಹಾಲೊಡಕು ನೀರಿನಲ್ಲಿ ಸುಮಾರು ಆರು ಕಿಲೋ ಘನ ಪದಾರ್ಥ ಕರಗಿರುತ್ತದೆ. ಅದರಲ್ಲಿ ಮುಕ್ಕಾಲು ಪಾಲು ಹಾಲಿನ ಸಕ್ಕರೆ, ಅಂದರೆ ಲ್ಯಾಕ್ಟೋಸ್. ಉಳಿದದ್ದು ಪ್ರೋಟೀನ್, ಸುಣ್ಣ ಮೊದಲಾದ ಲವಣಗಳು, ಸ್ವಲ್ಪ ಜಿಡ್ಡು. ನಾವು ಹಾಕಿದ ಸಾವಿರ ಲೀಟರ್ ಹಾಲಿನಲ್ಲಿ ಫ್ಯಾಟ್ ಮತ್ತು ಎಸ್.ಎನ್.ಎಫ್. ಸೇರಿ ಸುಮಾರು 130 ಕಿಲೋ ಘನ ಪದಾರ್ಥ ಇತ್ತು. ಅದರಲ್ಲಿ 50 ಕಿಲೋದಷ್ಟು ಈ ನೀರಿನಲ್ಲೇ ಉಳಿದಿದೆ. ಸಂಘದಲ್ಲಿ ಡಿಗ್ರಿ ನೋಡಿ, ಫ್ಯಾಟ್ ನೋಡಿ ಅಳೆದು ಕೊಂಡ ಸಾರದಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು!

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಪನೀರ್ ಮಾಡುವಾಗ ಹಾಲನ್ನು ಬಹಳ ಬಿಸಿ ಮಾಡುವುದರಿಂದ ನೀರಿಗೆ ಹೋಗಬೇಕಾದ ಪ್ರೋಟೀನಿನ ಬಹುಭಾಗ ಪನೀರಿಗೇ ಅಂಟಿಕೊಳ್ಳುತ್ತದೆ. ಆದ್ದರಿಂದ ಪನೀರಿನ ನೀರಿನಲ್ಲಿ ಸಕ್ಕರೆಯೇ ಮುಖ್ಯ. ಚೀಸಿನ ನೀರಿನಲ್ಲಿ ಪ್ರೋಟೀನ್ ಹೆಚ್ಚು. ಪೇಟೆಯಲ್ಲಿ ವ್ಯಾಯಾಮ ಮಾಡುವ ಹುಡುಗರು ದೊಡ್ಡ ಬೆಲೆ ಕೊಟ್ಟು ಕೊಳ್ಳುವ ಡಬ್ಬಿಯ ಪುಡಿ ಈ ಪ್ರೋಟೀನೇ. ಲ್ಯಾಕ್ಟೋಸ್ ಸಕ್ಕರೆಯನ್ನು ಶಿಶು ಆಹಾರದಲ್ಲೂ ಔಷಧದ ಮಾತ್ರೆಗಳಲ್ಲೂ ಬಳಸುತ್ತಾರೆ.

ಚರಂಡಿಗೆ ಬಿಟ್ಟರೆ ಏನಾಗುತ್ತದೆ?

"ಹಾಲಿನ ನೀರು ತಾನೇ, ಗಿಡಕ್ಕೋ ಹಳ್ಳಕ್ಕೋ ಹೋದರೆ ಏನಂತೆ?" ಎಂದು ಕೇಳುವವರಿದ್ದಾರೆ. ನೀರಿಗೆ ಬಿದ್ದ ಸಕ್ಕರೆ ಮತ್ತು ಪ್ರೋಟೀನನ್ನು ಸೂಕ್ಷ್ಮಜೀವಿಗಳು ತಿನ್ನುತ್ತವೆ. ತಿನ್ನುವಾಗ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಬಳಸಿಬಿಡುತ್ತವೆ. ಮೀನು ಉಸಿರುಗಟ್ಟಿ ಸಾಯುತ್ತದೆ, ನೀರು ಕಪ್ಪಾಗಿ ನಾರುತ್ತದೆ. ಹೀಗೆ ಬೇಕಾಗುವ ಆಮ್ಲಜನಕದ ಅಳತೆಯನ್ನು ಬಿ.ಓ.ಡಿ. ಎನ್ನುತ್ತಾರೆ. ಊರಿನ ಚರಂಡಿ ನೀರಿನಲ್ಲಿ ಇದು ಲೀಟರಿಗೆ ಸುಮಾರು 200ರಿಂದ 300 ಮಿಲಿಗ್ರಾಂ. ಹಾಲೊಡಕು ನೀರಿನಲ್ಲಿ 30,000ದಿಂದ 50,000 ಮಿಲಿಗ್ರಾಂ. ಹೊಳೆ ಕೆರೆಗಳಿಗೆ ಬಿಡುವ ಕಾರ್ಖಾನೆ ನೀರಿಗೆ ನಮ್ಮ ದೇಶದ ಸಾಮಾನ್ಯ ಮಿತಿ 30 ಮಿಲಿಗ್ರಾಂ ಮಾತ್ರ.

ನಮ್ಮ ಸಾವಿರ ಲೀಟರ್ ಹಾಲಿನ ಹಾಲೊಡಕು ನೀರನ್ನು ಹಾಗೆಯೇ ಬಿಟ್ಟರೆ ಅದು ಸುಮಾರು ಏಳುನೂರು ಜನರಿರುವ ಊರಿನ ಒಂದು ದಿನದ ಕೊಳೆಗೆ ಸಮ. ಅದನ್ನು ಶುದ್ಧೀಕರಿಸಲು ಗಾಳಿ ಊದುವ ಯಂತ್ರ, ವಿದ್ಯುತ್ತು, ಕೆಲಸಗಾರರು ಬೇಕು. ಹೀಗಾಗಿ ಹಾಲೊಡಕು ನೀರು ಹೋದರೆ ಎರಡು ಸಲ ನಷ್ಟ: ಸಾರ ಹೋಯಿತು, ಹೋದ ಸಾರವನ್ನು ತೊಳೆಯಲು ಮತ್ತೆ ಹಣ ಹೋಯಿತು.

ಇದು ನಮಗೆ ಹೊಸದಲ್ಲ

ಉಳಿಕೆಯಿಂದ ಉಪಯುಕ್ತ ವಸ್ತುವನ್ನು ಪಡೆಯುವುದು ನಮ್ಮ ಮನೆಗಳಲ್ಲಿ ಹಿಂದಿನಿಂದಲೂ ಇದೆ. ಬೆಣ್ಣೆ ತೆಗೆದ ಮಜ್ಜಿಗೆಯನ್ನು ಯಾರೂ ಚೆಲ್ಲುವುದಿಲ್ಲ. ತುಪ್ಪ ಕಾಯಿಸಿದ ತಳದ ಗಸಿಗೆ ಮಕ್ಕಳು ಜಗಳವಾಡುತ್ತಾರೆ. ಭತ್ತದ ತೌಡು ದನಕ್ಕೆ, ಎಣ್ಣೆ ತೆಗೆದ ಹಿಂಡಿ ಹಸುವಿಗೆ, ಸಗಣಿ ಗೋಬರ್ ಗ್ಯಾಸಿಗೆ, ಗ್ಯಾಸಿನ ಬಗ್ಗಡ ಗದ್ದೆಗೆ.

ಕಾರ್ಖಾನೆಗಳಲ್ಲೂ ಇದೇ ಕ್ರಮ. ಮೈಸೂರಿಗೆ ಹತ್ತಿರದ ಮಂಡ್ಯದಲ್ಲಿ 1933ರಲ್ಲಿ ಆರಂಭವಾದ ಸಕ್ಕರೆ ಕಾರ್ಖಾನೆಯನ್ನು ನೆನೆಯಿರಿ. ಕಬ್ಬಿನಿಂದ ಸಕ್ಕರೆ ತೆಗೆದ ಮೇಲೆ ಉಳಿಯುವ ಸಿಪ್ಪೆ ಬಾಯ್ಲರಿಗೆ ಉರುವಲು; ಉಳಿಯುವ ಕಾಕಂಬಿ ಮದ್ಯಸಾರಕ್ಕೆ ಕಚ್ಚಾ ವಸ್ತು. ಸಕ್ಕರೆ ಉದ್ಯಮದ ಲಾಭ ನಷ್ಟ ಬಹುಮಟ್ಟಿಗೆ ಈ ಉಳಿಕೆಗಳ ಮೇಲೆ ನಿಂತಿದೆ. ಹಾಲಿನ ಉದ್ಯಮವೂ ಹಾಗೆಯೇ. ಆದರೆ ಹಾಲಿನ ಉಳಿಕೆ ನೀರಿನಲ್ಲಿ ಕರಗಿರುವುದರಿಂದ, ಬೇಗ ಹುಳಿಯುವುದರಿಂದ ಅದನ್ನು ಹಿಡಿಯುವುದು ಕಷ್ಟ. ಅದಕ್ಕೆ ತಕ್ಕ ಯಂತ್ರ ಬೇಕು.

ತಿರುಗುವ ಬೋಗುಣಿಯ ಕಥೆ

ಹಿಂದೆ ಎಲ್ಲ ದೇಶಗಳಲ್ಲೂ ಹಾಲನ್ನು ಅಗಲವಾದ ಪಾತ್ರೆಯಲ್ಲಿ ಇಟ್ಟು, ಕೆನೆ ಮೇಲೆ ಬರುವವರೆಗೆ ಕಾದು ತೆಗೆಯುತ್ತಿದ್ದರು. ಅಷ್ಟರಲ್ಲಿ ಹಾಲು ಹುಳಿಯುತ್ತಿತ್ತು; ಸಾಕಷ್ಟು ಜಿಡ್ಡು ಹಾಲಿನಲ್ಲೇ ಉಳಿಯುತ್ತಿತ್ತು. 1878ರಲ್ಲಿ ಸ್ವೀಡನ್ನಿನ ಎಂಜಿನಿಯರ್ ಗುಸ್ತಾಫ್ ಡಿ ಲಾವಲ್ ಹಾಲನ್ನು ವೇಗವಾಗಿ ತಿರುಗುವ ಬೋಗುಣಿಗೆ ನಿರಂತರವಾಗಿ ಹಾಯಿಸಿ ಕೆನೆ ಬೇರ್ಪಡಿಸುವ ಯಂತ್ರವನ್ನು ಮುಂದಿಟ್ಟರು. ಬೋಗುಣಿ ತಿರುಗಿದಾಗ ಭಾರವಾದ ಹಾಲು ಹೊರ ಅಂಚಿಗೂ ಹಗುರವಾದ ಜಿಡ್ಡು ನಡುವಿಗೂ ಸರಿಯುತ್ತದೆ.

1883ರಲ್ಲಿ ಈ ಯಂತ್ರಕ್ಕಾಗಿಯೇ ಕಂಪನಿ ಹುಟ್ಟಿತು; ಅದೇ ಮುಂದೆ ಆಲ್ಫಾ ಲಾವಲ್ ಎನಿಸಿತು. ಆ ದಶಕದ ಕೊನೆಗೆ ಜರ್ಮನಿಯ ಬೆಕ್ಟೋಲ್ಸ್‌ಹೈಮ್ ಎಂಬುವರು ಬೋಗುಣಿಯೊಳಗೆ ಶಂಕುವಿನಾಕಾರದ ತೆಳು ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸುವ ಉಪಾಯ ಕಂಡುಹಿಡಿದರು. ಕಂಪನಿ ಆ ಹಕ್ಕನ್ನು ಕೊಂಡು ತನ್ನ ಯಂತ್ರಕ್ಕೆ ಅಳವಡಿಸಿತು. ಅದೇ ಗಾತ್ರದ ಯಂತ್ರ ಹಲವು ಪಟ್ಟು ಹಾಲನ್ನು ಬೇರ್ಪಡಿಸತೊಡಗಿತು. ಸುಸ್ಥಿತಿಯಲ್ಲಿರುವ ಇಂದಿನ ಸೆಪರೇಟರಿನಿಂದ ಹೊರಬರುವ ನೂರು ಲೀಟರ್ ಕೆನೆರಹಿತ ಹಾಲಿನಲ್ಲಿ ಉಳಿಯುವ ಜಿಡ್ಡು ಸುಮಾರು 50 ಗ್ರಾಂ ಮಾತ್ರ.

ಜರ್ಮನಿಯ ಓಲ್ಡೆ ಎಂಬಲ್ಲಿ 1893ರಲ್ಲಿ ಇಂಥದೇ ಯಂತ್ರಗಳಿಗಾಗಿ ಆರಂಭವಾದ ಕಾರ್ಖಾನೆ ವೆಸ್ಟ್‌ಫಾಲಿಯಾ ಸೆಪರೇಟರ್ ಎಂದು ಹೆಸರಾಯಿತು. 1994ರಲ್ಲಿ ಅದು ಗೆಯಾ ಎಂಬ ಎಂಜಿನಿಯರಿಂಗ್ ಸಂಸ್ಥೆಯ ಪಾಲಾಯಿತು. ಕೆನೆ ತೆಗೆಯಲು ಹುಟ್ಟಿದ ಈ ತಿರುಗುವ ಬೋಗುಣಿ ಇಂದು ಹಾಲೊಡಕು ನೀರಿನಲ್ಲಿ ಉಳಿದ ಜಿಡ್ಡು ಮತ್ತು ಚೀಸಿನ ನುಚ್ಚನ್ನು ಹಿಡಿಯುತ್ತದೆ. ಡೇರಿಯ ಆಚೆ ಪಿಷ್ಟ, ಮೀನೆಣ್ಣೆ, ತಾಳೆ ಎಣ್ಣೆ ತಯಾರಿಕೆಯಲ್ಲೂ ಹಡಗಿನ ಕೊಳೆ ಎಣ್ಣೆಯನ್ನು ಶುದ್ಧ ಮಾಡುವುದರಲ್ಲೂ ಇದೇ ತತ್ವದ ಯಂತ್ರ ದುಡಿಯುತ್ತಿದೆ. ಒಂದು ಉದ್ಯಮದಲ್ಲಿ ಕಲಿತದ್ದನ್ನು ಇನ್ನೊಂದಕ್ಕೆ ಒಯ್ಯುವುದು ಯಂತ್ರ ಕಂಪನಿಗಳು ಮಾಡುವ ದೊಡ್ಡ ಉಪಕಾರ.

ಆನಂದ್‌ನ ಯಂತ್ರ, ಮೈಸೂರಿನ ಪ್ರಯೋಗಾಲಯ

ನಮ್ಮ ದೇಶದಲ್ಲೂ ಸಂಶೋಧಕರು, ಯಂತ್ರದವರು ಮತ್ತು ರೈತರ ಸಂಘ ಕೈಜೋಡಿಸಿದ ಉದಾಹರಣೆ ಇದೆ. ಗುಜರಾತಿನ ಆನಂದ್‌ನಲ್ಲಿ ಚಳಿಗಾಲ ಬಂತೆಂದರೆ ಎಮ್ಮೆ ಹಾಲು ಉಕ್ಕಿ ಬರುತ್ತಿತ್ತು. ಮುಂಬಯಿಗೆ ಅಷ್ಟೂ ಬೇಕಿರಲಿಲ್ಲ. ಉಳಿದ ಹಾಲನ್ನು ಪುಡಿ ಮಾಡಿ ಇಟ್ಟುಕೊಳ್ಳೋಣವೆಂದರೆ ಎಮ್ಮೆ ಹಾಲು ಪುಡಿಯಾಗದು ಎಂದು ಹೊರದೇಶದ ತಜ್ಞರು ಹೇಳುತ್ತಿದ್ದರು. ಅಲ್ಲಿನ ಒಕ್ಕೂಟದ ತಂತ್ರಜ್ಞ ಎಚ್.ಎಂ. ದಲಾಯ ಅವರು ಬಣ್ಣ ಸಿಂಪಡಿಸುವ ಸಾಧನವನ್ನೂ ಬಿಸಿ ಗಾಳಿಯನ್ನೂ ಬಳಸಿ ಅದು ಸಾಧ್ಯವೆಂದು ತೋರಿಸಿದರು. ಆದರೆ ಬಣ್ಣದ ಸಿಂಪಡಕದಿಂದ ದಿನಕ್ಕೆ ಸಾವಿರಾರು ಲೀಟರ್ ಹಾಲನ್ನು ಒಣಗಿಸಲಾಗದು. ಆ ಕೆಲಸವನ್ನು ಡೆನ್ಮಾರ್ಕಿನ ನೀರೋ ಕಂಪನಿಯ ಯಂತ್ರ ಮಾಡಿತು. 1955ರ ಅಕ್ಟೋಬರ್ 31ರಂದು ಪ್ರಧಾನಿ ನೆಹರೂ ಅವರು ಆ ಡೇರಿಯನ್ನು ಉದ್ಘಾಟಿಸಿದರು.

ಮೈಸೂರಿನ ಪಾತ್ರ ಬರುವುದು ಇಲ್ಲಿ. 1950ರ ಅಕ್ಟೋಬರ್ 21ರಂದು ನಮ್ಮ ನಗರದ ಚೆಲುವಾಂಬ ವಿಲಾಸ ಅರಮನೆಯಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ, ಅಂದರೆ ಸಿ.ಎಫ್.ಟಿ.ಆರ್.ಐ., ಆರಂಭವಾಯಿತು. ಡಾ. ವಿ. ಸುಬ್ರಹ್ಮಣ್ಯನ್ ಅದರ ಮೊದಲ ನಿರ್ದೇಶಕರು. ಜಿಡ್ಡು ಹೆಚ್ಚಿರುವ ಎಮ್ಮೆ ಹಾಲು ಎಳೆಗೂಸಿಗೆ ಜೀರ್ಣವಾಗುವುದು ಕಷ್ಟ. ಅದನ್ನು ಮಗುವಿಗೆ ಒಗ್ಗುವಂತೆ ಮಾರ್ಪಡಿಸುವ ವಿಧಾನವನ್ನು ಇಲ್ಲಿನ ವಿಜ್ಞಾನಿಗಳು ರೂಪಿಸಿದರು. ಆ ವಿಧಾನದಿಂದಲೇ ಆನಂದ್‌ನ ಒಕ್ಕೂಟ ಅಮುಲ್ ಶಿಶು ಆಹಾರವನ್ನು ಮಾರುಕಟ್ಟೆಗೆ ತಂದಿತು. ವಿಧಾನ ಮೈಸೂರಿನದು, ಯಂತ್ರ ಡೆನ್ಮಾರ್ಕಿನದು, ಹಾಲು ರೈತರದು. ಮೂರರಲ್ಲಿ ಒಂದಿಲ್ಲದಿದ್ದರೂ ಡಬ್ಬಿ ತುಂಬುತ್ತಿರಲಿಲ್ಲ.

ಮುಂದೆ ಯಂತ್ರಗಳೂ ಇಲ್ಲಿಯೇ ತಯಾರಾಗತೊಡಗಿದವು. ಇಬ್ಬರು ಡೇನಿಷ್ ಎಂಜಿನಿಯರುಗಳು 1938ರಲ್ಲಿ ಮುಂಬಯಿಯಲ್ಲಿ ಸ್ಥಾಪಿಸಿದ ಲಾರ್ಸನ್ ಅಂಡ್ ಟೂಬ್ರೋ ಸಂಸ್ಥೆ ತನ್ನ ಆರಂಭದ ದಿನಗಳಲ್ಲಿ ಡೇರಿ ಉಪಕರಣಗಳ ವ್ಯವಹಾರ ಮಾಡುತ್ತಿತ್ತು. ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿಯು 1978ರಲ್ಲಿ ಆನಂದ್ ಬಳಿ ಐ.ಡಿ.ಎಂ.ಸಿ. ಎಂಬ ಡೇರಿ ಯಂತ್ರ ಕಾರ್ಖಾನೆಯನ್ನೇ ತೆರೆಯಿತು. ನಮ್ಮ ಬೆಂಗಳೂರಿನ ಎಚ್.ಎಂ.ಟಿ. ಕೂಡ ತನ್ನ ಔರಂಗಾಬಾದ್ ಘಟಕದಲ್ಲಿ ಡೇರಿ ಯಂತ್ರಗಳನ್ನು ತಯಾರಿಸಿತು.

ಕಣ್ಣಿಗೆ ಕಾಣದ ಜರಡಿ

ತಿರುಗುವ ಬೋಗುಣಿ ಜಿಡ್ಡನ್ನು ಹಿಡಿಯುತ್ತದೆ. ನೀರಿನಲ್ಲಿ ಕರಗಿದ ಪ್ರೋಟೀನನ್ನು ಹಿಡಿಯಲಾರದು. ಅದಕ್ಕೆ ಬೇಕಾದದ್ದು ಬಹಳ ಸಣ್ಣ ಕಣ್ಣಿನ ಜರಡಿ, ಅಂದರೆ ಪೊರೆ. 1960ರ ಸುಮಾರಿಗೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸಿಡ್ನಿ ಲೋಬ್ ಮತ್ತು ಭಾರತೀಯ ಮೂಲದ ಶ್ರೀನಿವಾಸ ಸೌರಿರಾಜನ್ ಸಮುದ್ರದ ನೀರನ್ನು ಸಿಹಿ ಮಾಡಲು ಒಂದು ಪೊರೆ ಸಿದ್ಧಪಡಿಸಿದರು. 1969ರಲ್ಲಿ ಫ್ರಾನ್ಸಿನ ಮೊಬ್ವಾ ಮತ್ತು ಸಂಗಡಿಗರು ಚೀಸ್ ತಯಾರಿಕೆಯಲ್ಲಿ ಹಾಲನ್ನು ಪೊರೆಯಿಂದ ಸೋಸುವ ವಿಧಾನಕ್ಕೆ ಹಕ್ಕು ಪಡೆದರು. ಅಲ್ಲಿಂದ ಡೇರಿಗಳಿಗೆ ಪೊರೆ ಕಾಲಿಟ್ಟಿತು.

ಪ್ರೋಟೀನ್ ಹಿಡಿಯುವ ಪೊರೆಯ ರಂಧ್ರ ತಲೆಗೂದಲಿನ ದಪ್ಪದ ಸಾವಿರಾರು ಪಾಲಿನಲ್ಲಿ ಒಂದು ಪಾಲು. ಹಾಲೊಡಕು ನೀರನ್ನು ಒತ್ತಡದಿಂದ ಹಾಯಿಸಿದರೆ ಪ್ರೋಟೀನ್ ಈಚೆ ಉಳಿಯುತ್ತದೆ. ನೀರು, ಸಕ್ಕರೆ, ಲವಣ ಆಚೆ ಹೋಗುತ್ತವೆ. ಆ ಸಕ್ಕರೆ ನೀರನ್ನು ಗಾಳಿ ತೆಗೆದ ಪಾತ್ರೆಗಳಲ್ಲಿ ಕಡಿಮೆ ಶಾಖದಲ್ಲಿ ಕುದಿಸಿ ಗಟ್ಟಿ ಮಾಡಿ, ತಣಿಸಿ, ಸಕ್ಕರೆಯ ಹರಳು ತೆಗೆಯಬಹುದು. ಮೊದಲ ಪಾತ್ರೆಯಿಂದ ಏಳುವ ಹಬೆಯೇ ಎರಡನೆಯದನ್ನು ಕಾಯಿಸುವಂತೆ ಜೋಡಿಸಿದರೆ ಉರುವಲು ಉಳಿಯುತ್ತದೆ. ಕೊನೆಗೆ ಉಳಿದದ್ದೂ ಗ್ಯಾಸ್ ತಯಾರಿಸುವ ತೊಟ್ಟಿಗೆ ಆದೀತು.

ಪೊರೆಯ ದೊಡ್ಡ ತೊಂದರೆ ಕಟ್ಟಿಕೊಳ್ಳುವುದು. ಮಜ್ಜಿಗೆಯನ್ನು ಬಟ್ಟೆಯಲ್ಲಿ ಸೋಸುವಾಗ ಮೊದಲು ಸರಸರ ಇಳಿದು ಆಮೇಲೆ ಹನಿ ಹನಿಯಾಗುವುದನ್ನು ನೀವು ಕಂಡಿದ್ದೀರಿ. ಪೊರೆಯೂ ಹಾಗೆಯೇ. ಅದಕ್ಕೆ ನೀರನ್ನು ಪೊರೆಗೆ ನೇರವಾಗಿ ಒತ್ತದೆ, ಅದರ ಮೈಗುಂಟ ರಭಸವಾಗಿ ಹರಿಸುತ್ತಾರೆ. ಆಗ ಕೆಸರು ಕೂರುವುದು ಕಡಿಮೆ.

ಈ ವಿಷಯದಲ್ಲಿ ಮೈಸೂರಿನಲ್ಲೇ ಸಂಶೋಧನೆ ನಡೆದಿದೆ. ಹಾಲಿನಲ್ಲಿ ಲ್ಯಾಕ್ಟೋಪೆರಾಕ್ಸಿಡೇಸ್ ಎಂಬ ಕಿಣ್ವ ಬಹಳ ಅಲ್ಪ ಪ್ರಮಾಣದಲ್ಲಿರುತ್ತದೆ. ಹಾಲನ್ನು ಕೆಡಿಸುವ ಸೂಕ್ಷ್ಮಜೀವಿಗಳನ್ನು ತಡೆಯಲು ಅದು ನೆರವಾಗುತ್ತದೆ. ಹಾಲೊಡಕು ನೀರಿನಿಂದ ಇದನ್ನು ಬೇರ್ಪಡಿಸುವ ವಿಧಾನವನ್ನು ಸಿ.ಎಫ್.ಟಿ.ಆರ್.ಐ. ವಿಜ್ಞಾನಿಗಳು 2010ರ ದಶಕದಲ್ಲಿ ಪ್ರಕಟಿಸಿದರು. ಪೊರೆ ಕಟ್ಟಿಕೊಳ್ಳದಂತೆ ಅವರು ಕಿವಿಗೆ ಕೇಳದ ಶಬ್ದದ ಅಲೆಗಳನ್ನು ಬಳಸಿ ನೋಡಿದರು. ಇದು ಪ್ರಯೋಗಾಲಯದ ಅಳತೆಯ ಕೆಲಸ. ಇಂಥ ಫಲಿತಾಂಶ ಡೇರಿಯ ಟ್ಯಾಂಕಿನ ಅಳತೆಗೆ ಬರಬೇಕಾದರೆ ನಡುವೆ ಇನ್ನೊಂದು ಮೆಟ್ಟಿಲಿದೆ.

ಯಂತ್ರ ಕಂಪನಿಯ ಕೆಲಸ

ಆ ಮೆಟ್ಟಿಲೇ ಎಂಜಿನಿಯರಿಂಗ್ ಕಂಪನಿ. ಗಾಜಿನ ಲೋಟದಲ್ಲಿ ಸರಿಹೋದದ್ದು ಹತ್ತು ಸಾವಿರ ಲೀಟರಿನಲ್ಲಿ ಸರಿಹೋಗಬೇಕೆಂದಿಲ್ಲ. ಒಬ್ಬಳು ತಾಯಿ ನಾಲ್ಕು ಜನಕ್ಕೆ ಮಾಡಿದ ಸಾರನ್ನು ಮದುವೆ ಮನೆಯಲ್ಲಿ ಸಾವಿರ ಜನಕ್ಕೆ ಮಾಡಬೇಕಾದರೆ ಉಪ್ಪು ಹುಳಿಯನ್ನು ಬರೀ ಗುಣಾಕಾರ ಮಾಡಿದರೆ ಆಗುವುದಿಲ್ಲವಷ್ಟೆ? ಆದ್ದರಿಂದ ಮೊದಲು ಮಧ್ಯಮ ಗಾತ್ರದ ಯಂತ್ರದಲ್ಲಿ ಪರೀಕ್ಷೆ ನಡೆಸುತ್ತಾರೆ. ಗಂಟೆಗೆ ಎಷ್ಟು ಲೀಟರ್ ಹಾಯುತ್ತದೆ, ಎಷ್ಟು ಹೊತ್ತಿಗೆ ಕಟ್ಟಿಕೊಳ್ಳುತ್ತದೆ, ಕ್ಷಾರ ಮತ್ತು ಆಮ್ಲದಿಂದ ತೊಳೆದರೆ ಮೊದಲಿನಂತಾಗುತ್ತದೆಯೇ, ಯಾವ ದರ್ಜೆಯ ಸ್ಟೀಲು ತಾಳುತ್ತದೆ, ವಿದ್ಯುತ್ತು ಎಷ್ಟು ಬೇಕು ಎಂಬುದನ್ನೆಲ್ಲ ಅಳೆಯುತ್ತಾರೆ. ಪ್ರಯೋಗಾಲಯದವರು "ಸಾಧ್ಯ" ಎಂದು ಹೇಳಿದ್ದನ್ನು "ದಿನವೂ ಸಾಧ್ಯ, ಇಷ್ಟು ಖರ್ಚಿನಲ್ಲಿ ಸಾಧ್ಯ" ಎಂದು ಮಾಡುವುದೇ ಇವರ ಸಂಶೋಧನೆ.

ಆದರೆ ಕಂಪನಿಗೆ ಯಂತ್ರ ಮಾರುವುದೂ ಮುಖ್ಯ ಎಂಬುದನ್ನು ಮರೆಯಬಾರದು. ದಿನಕ್ಕೆ ಕೆಲವೇ ನೂರು ಲೀಟರ್ ಹಾಲೊಡಕು ನೀರು ಬರುವ ಕಡೆ ದೊಡ್ಡ ಯಂತ್ರ ಹಾಕಿದರೆ ಬಡ್ಡಿಯೇ ಅಸಲನ್ನು ನುಂಗುತ್ತದೆ. ಸಹಕಾರಿ ಒಕ್ಕೂಟದಲ್ಲಿ ಮಾಲೀಕರು ನೀವೇ. ಇಂಥ ಯೋಜನೆ ಮಹಾಸಭೆಯ ಮುಂದೆ ಬಂದಾಗ ಈ ಪ್ರಶ್ನೆಗಳನ್ನು ಕೇಳಲು ಸಂಕೋಚಪಡಬೇಡಿ:

1. ವರ್ಷದ ಎಲ್ಲ ತಿಂಗಳೂ ಯಂತ್ರಕ್ಕೆ ಸಾಕಾಗುವಷ್ಟು ಹಾಲೊಡಕು ನೀರು ಸಿಗುತ್ತದೆಯೇ? ಅಕ್ಕಪಕ್ಕದ ಒಕ್ಕೂಟಗಳದನ್ನೂ ಸೇರಿಸಿಕೊಳ್ಳಬಹುದೇ?
2. ಯಂತ್ರವನ್ನು ನಮ್ಮದೇ ಹಾಲೊಡಕು ನೀರಿನಿಂದ ಪರೀಕ್ಷಿಸಿ ನೋಡಿದ್ದಾರೆಯೇ? ಪನೀರಿನ ನೀರು ಬೇರೆ, ಚೀಸಿನ ನೀರು ಬೇರೆ.
3. ಪೊರೆ ಎಷ್ಟು ವರ್ಷ ಬಾಳುತ್ತದೆ? ಬದಲಿಸಲು ಏನು ಖರ್ಚು?
4. ಕೆಟ್ಟರೆ ರಿಪೇರಿ ಮಾಡುವವರು, ಬಿಡಿಭಾಗಗಳು ಹತ್ತಿರದಲ್ಲಿ ಸಿಗುತ್ತವೆಯೇ?
5. ತಯಾರಾದ ಪುಡಿಯನ್ನು ಯಾರು ಕೊಳ್ಳುತ್ತಾರೆ? ಕಶ್ಮಲ ನೀರು ಶುದ್ಧೀಕರಣದಲ್ಲಿ ಉಳಿಯುವ ಹಣವನ್ನೂ ಲೆಕ್ಕಕ್ಕೆ ಹಿಡಿದಿದ್ದಾರೆಯೇ?

ಹೊಸ ಯಂತ್ರ ಕೊಳ್ಳದೆಯೂ ಉಳಿತಾಯ ಸಾಧ್ಯ. ಡೇರಿಯಲ್ಲಿ ಕೊಳವೆಗಳನ್ನು ತೊಳೆಯುವಾಗ ಮೊದಲು ಹೊರಬರುವುದು ನೀರು ಬೆರೆತ ಹಾಲು. ಅದನ್ನು ಚರಂಡಿಗೆ ಬಿಡದೆ ಬೇರೆಯಾಗಿ ಹಿಡಿದರೆ ಅದರಲ್ಲಿರುವ ಸಾರ ಉಳಿಯುತ್ತದೆ. ಟ್ಯಾಂಕರಿನ ತಳದಲ್ಲಿ ನಿಲ್ಲುವ ಹಾಲನ್ನು ಪೂರ್ತಿ ಬಸಿಯುವುದಕ್ಕೆ ಬೇಕಾದದ್ದು ಐದು ನಿಮಿಷದ ತಾಳ್ಮೆ ಮಾತ್ರ.

ನಿಮ್ಮ ಕೈಯಲ್ಲಿರುವುದು

ಮರಳಿ ಪಡೆಯುವ ಕೆಲಸ ಆರಂಭವಾಗುವುದು ಕೊಟ್ಟಿಗೆಯಲ್ಲಿ. ಹಾಲಿನಲ್ಲಿ ಇಲ್ಲದ್ದನ್ನು ಯಾವ ಯಂತ್ರವೂ ಕೊಡಲಾರದು. ಹಾಲಿಗೆ ಸೇರಬಾರದ್ದು ಸೇರಿದರೆ ಯಂತ್ರ ಅದನ್ನೂ ಗಟ್ಟಿ ಮಾಡಿಬಿಡಬಹುದು. ನೂರು ಲೀಟರಿನಲ್ಲಿ ಹರಡಿದ್ದ ಕಲ್ಮಶ ಕೆಲವೇ ಕಿಲೋ ಪುಡಿಯಲ್ಲಿ ಬಂದು ಕೂತರೆ ಆ ಪುಡಿಯನ್ನು ಯಾರು ಕೊಳ್ಳುತ್ತಾರೆ? ಆದ್ದರಿಂದ,

1. ಕೆಚ್ಚಲು ಬಾವಿಗೆ ಔಷಧಿ ಹಾಕಿಸಿದ ಹಸುವಿನ ಹಾಲನ್ನು ಪಶುವೈದ್ಯರು ಹೇಳಿದಷ್ಟು ದಿನ, ಔಷಧಿಯ ಪೊಟ್ಟಣದ ಮೇಲೆ ಬರೆದಿರುವಷ್ಟು ದಿನ ಸಂಘಕ್ಕೆ ಹಾಕಬೇಡಿ. ಒಬ್ಬರ ಒಂದು ಪಾತ್ರೆ ಹಾಲು ಇಡೀ ಟ್ಯಾಂಕನ್ನು ಕೆಡಿಸೀತು.
2. ಹಾಲು ಹುಳಿಯಾದೀತೆಂದು ಸೋಡಾ ಬೆರೆಸುವುದು ಅಪರಾಧ. ಅಂಥ ಹಾಲಿನಿಂದ ಪನೀರೂ ಸರಿಯಾಗಿ ಬಾರದು, ಹಾಲೊಡಕು ನೀರೂ ಪ್ರಯೋಜನಕ್ಕೆ ಬಾರದು.
3. ಕರೆದ ಕೂಡಲೆ ಸಂಘಕ್ಕೆ ತನ್ನಿ. ತಡವಾದಷ್ಟೂ ಹಾಲಿನ ಸಕ್ಕರೆ ಹುಳಿಯಾಗಿ ಬದಲಾಗುತ್ತದೆ. ಹುಳಿಯಾದ ಸಕ್ಕರೆಯನ್ನು ಮತ್ತೆ ಸಕ್ಕರೆ ಮಾಡುವ ಯಂತ್ರ ಇಲ್ಲ.
4. ಗಿಣ್ಣು ಹಾಲನ್ನು ಕರುವಿಗೇ ಕುಡಿಸಿ, ಕ್ಯಾನಿಗೆ ಸೇರಿಸಬೇಡಿ.
5. ಮನೆಯಲ್ಲಿ ಪನೀರ್ ಮಾಡಿದರೆ ಆ ನೀರನ್ನು ಚೆಲ್ಲದೆ ಚಪಾತಿ ಹಿಟ್ಟು ಕಲಸಲು, ಸಾರಿಗೆ ಬಳಸಿ. ದನಕ್ಕೆ ಕೊಡುವುದಾದರೆ ತಾಜಾ ಇರುವಾಗ ಸ್ವಲ್ಪಸ್ವಲ್ಪವಾಗಿ, ಪಶುವೈದ್ಯರನ್ನು ಕೇಳಿ ಕೊಡಿ.

ಸಂಶೋಧಕರು ದಾರಿ ತೋರಿಸುತ್ತಾರೆ, ಯಂತ್ರದವರು ಗಾಡಿ ಕಟ್ಟಿಕೊಡುತ್ತಾರೆ. ಆ ಗಾಡಿಗೆ ಹೇರಬೇಕಾದ ಸರಕು ನಿಮ್ಮ ಮನೆಯಿಂದ ಬರಬೇಕು. ನಾಳೆ ಬೆಳಿಗ್ಗೆ ಕ್ಯಾನಿಗೆ ಹಾಲು ಸುರಿಯುವಾಗ ಅದರಲ್ಲಿರುವ ಬೆಣ್ಣೆಯ ಜೊತೆಗೆ ಕಣ್ಣಿಗೆ ಕಾಣದ ಸಕ್ಕರೆ, ಪ್ರೋಟೀನ್, ಸುಣ್ಣವೂ ನಿಮ್ಮ ದುಡಿಮೆಯೇ ಎಂಬುದು ನೆನಪಿರಲಿ. ಹನಿ ಹನಿಗೂಡಿದರೆ ಹಳ್ಳ. ಆ ಹಳ್ಳ ಚರಂಡಿಯತ್ತ ಹರಿಯದೆ ನಮ್ಮ ಮನೆಯತ್ತ ಹರಿಯಲಿ.